ಎಂಟು ದಿನದ ಬಾಣಂತನ

ಹಾಸನಕ್ಕೆ ಬಂದು ಹತ್ತು ದಿನ ಆಯ್ತು, ಮಳೆ ಬಿಟ್ಟಿಲ್ಲ, ಮಗು ಬಟ್ಟೆ ಒಂದೂ ಒಣಗ್ತಿಲ್ಲ, ಅಮ್ಮ ಬಚ್ಚಲುಮನೆ ಒಲೆ ಮೇಲೆ ಹಗ್ಗ ಕಟ್ಟಿ ಲಂಗೋಟಿಗಳನ್ನೆಲ್ಲ ಸಾಲಾಗಿ ನೇತು ಹಾಕಿದಾರೆ. ಮಗು ನೋಡೋಕೆ ಬಂದೋರೆಲ್ಲ ಕೇಳೋದು ಎರಡೇ ಪ್ರಶ್ನೆ. ನಾರ್ಮಲ್ಲಾ ಸಿಸೇರಿಯನ್ನಾ, ಆಮೇಲೆ, ಹಾಲು ಸಾಕಾಗ್ತಿದ್ಯಾ. ಮೊದಲನೇದಕ್ಕೆ ನಾರ್ಮಲ್ಲು ಅಂದ್ಬಿಡ್ತೀನಿ, ಎರಡನೇದಕ್ಕೆ ಸರಿಯಾಗಿ ಉತ್ತರ ಹೇಳೋಕೆ ಕೂತ್ರೆ ಅವರ ಕಾಫಿ ಆರಿ ಹೋಗುತ್ತೆ, ಅದಕ್ಕೇ ಇಲ್ಲಿ ಬರೀತಿದೀನಿ.

ನಾವಿರೋದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ನಲ್ಲಿ. ಅಲ್ಲಿ ಬಸುರೀನ ನೋಡ್ಕೊಳ್ಳೋದು ಸೂಲಗಿತ್ತಿ, ಅಂದ್ರೆ ನಾಲ್ಕು ವರ್ಷ ಡಿಗ್ರಿ ಓದಿರೋ ಸೂಲಗಿತ್ತಿ, ಏನಾದ್ರೂ ತೊಂದರೆ ಕಂಡ್ರೆ ಮಾತ್ರ ದೊಡ್ಡಾಸ್ಪತ್ರೆ ಡಾಕ್ಟರು. ನಂಗೆ 41 ವಾರ ತುಂಬಿದ್ರೂ ನೋವಿನ ಸುಳಿವೇ ಇಲ್ಲ. ಅಮ್ಮನ ವೀಸಾಗೆ ಡೇಟೇ ಸಿಕ್ಕಿರಲಿಲ್ಲ, ಹಾಗಾಗಿ ದಿನಾ ವಿಡಿಯೋ ಕಾಲಲ್ಲಿ ಜೀರಿಗೆ ಕಷಾಯ ಕುಡಿ ಜೀರಿಗೆ ಕಷಾಯ ಕುಡಿ ಅಂತ ಜಪ, ಕುಡಿದೂ ಆಯ್ತು, ಹೊಟ್ಟೆ ಉರಿ ಬಂತೇ ಹೊರತು ನೋವು ಬರಲಿಲ್ಲ. ಕೊನೆಗೆ ಆಸ್ಪತ್ರೇಲಿ ನೋವು ಬರಿಸೋದು ಅಂತ ತೀರ್ಮಾನ ಆಯ್ತು.

ನೋವು ಬರಿಸೋದು ಅಂದ್ರೆ ಒಂದು ಇಂಜೆಕ್ಷನ್ ಕೊಟ್ರೆ ಆಗೋಯ್ತು ಅಂತ ನಾನು ಅಂದ್ಕೊಂಡಿದ್ದೆ ಕಣ್ರೀ. ಅಲ್ಲ. ಮೊದಲು ಒಂದು ತೆಳ್ಳನೆ ಟ್ಯೂಬು, ಅದರ ತುದೀಲಿ ಪುಟ್ಟ ಬಲೂನು, ಅದನ್ನ ಗರ್ಭಕೋಶದ ಬಾಯೊಳಗೆ ತೂರಿಸಿ ನೀರು ತುಂಬಿಸಿ ಬಿಡ್ತಾರೆ, ಅದು ಒತ್ತಿ ಒತ್ತಿ ಬಾಯಿ ಒಂದು ಮೂರು ಸೆಂಟಿಮೀಟರ್ ತೆರೆದಾಗ ತಾನಾಗೇ ಕಳಚಿಕೊಂಡು ಬೀಳುತ್ತೆ. ನಂದು ಬೆಳಗಿನ ಜಾವ ಐದು ಗಂಟೆಗೆ ಟಾಯ್ಲೆಟ್ಟಲ್ಲಿ ಬಿತ್ತು, ನಾನು ಹೆದರಿ ಕಿರುಚಿದ್ದಕ್ಕೆ ನರ್ಸ್ ಓಡಿ ಬಂದು ನೋಡಿ ಸೂಪರ್ ಅಂತ ಹೆಬ್ಬೆಟ್ಟು ತೋರಿಸಿದ್ಳು. ಆಮೇಲೆ ನೀರು ಒಡೆಸಿದ್ರು, ಕೈಗೆ ನೋವು ಬರಿಸೋ ಆಕ್ಸಿಟೋಸಿನ್ ಡ್ರಿಪ್ಪು, ಮಗು ಎದೆಬಡಿತ ನೋಡೋಕೆ ಹೊಟ್ಟೆಗೆ ಬೆಲ್ಟು, ಅರ್ಧ ಗಂಟೆಗೊಮ್ಮೆ ಬಂದು ಡ್ರಿಪ್ ಸ್ವಲ್ಪ ಸ್ವಲ್ಪ ಏರಿಸೋರು. ತಾನಾಗಿ ಬರೋ ನೋವು ಮೆಟ್ಟಿಲು ಹತ್ತಿದ ಹಾಗೆ ಏರುತ್ತೆ ಅಂತಾರೆ, ನಂಗೆ ಬಂದಿದ್ದು ದೀಪಾವಳಿ ಹಿಂದಿನ ರಾತ್ರಿ ಬೆಂಗಳೂರಿಂದ ಹಾಸನ ಸ್ಟ್ಯಾಂಡಿಗೆ ಬಸ್ಸುಗಳು ನುಗ್ಗೋ ಥರ, ಒಂದು ಹೊರಡೋದ್ರೊಳಗೆ ಇನ್ನೊಂದು. ಮಧ್ಯಾಹ್ನಕ್ಕೆ ಸೋತು ನೋವು ತಿಳಿಯದ ಹಾಗೆ ಬೆನ್ನಿಗೆ ಇಂಜೆಕ್ಷನ್ ಕೇಳಿ ಹಾಕಿಸ್ಕೊಂಡೆ, ಇದರ ಬಗ್ಗೆ ನಂಗೆ ಯಾವ ನಾಚಿಕೇನೂ ಇಲ್ಲ. ರಾತ್ರಿ ಒಂಬತ್ತೂ ಮುಕ್ಕಾಲಿಗೆ ಮಗಳು ಹುಟ್ಟಿದ್ಳು, 3 ಕೆಜಿ 100 ಗ್ರಾಂ.

ಹುಟ್ಟಿ ಒಂದು ಗಂಟೆ ಆಗಿರಬೇಕು, ಒಂದು ತಟ್ಟೆ ತಂದಿಟ್ರು. ಗುಂಡನೆ ರಸ್ಕು, ಅದಕ್ಕೆ ಬೆಣ್ಣೆ, ಮೇಲೆ ಸಕ್ಕರೆ ಲೇಪಿಸಿದ ಸೋಂಪಿನ ಕಾಳು. ಕಾಳಿಗೊಂದು ಪುಟ್ಟ ಬಾಲ ಇರುತ್ತೆ ಅಂತ ಅದಕ್ಕೆ ಇಲಿಮರಿ ಅಂತ ಹೆಸರು. ಸೋಂಪು ತಿಂದ್ರೆ ಹಾಲು ಬರುತ್ತೆ ಅಂತ ಅವರ ಹಿರೀಕರೂ ನಂಬಿದ್ರಂತೆ. ಆ ಒಂದು ಕ್ಷಣ ಅಮ್ಮನ ಮನೇಲೇ ಇದೀನಿ ಅನ್ನಿಸಿತು, ಮರುಕ್ಷಣ ನರ್ಸು ಬಾ ಸ್ನಾನ ಮಾಡು ಅಂತ ಶವರ್ ಕೆಳಗೆ ನಿಲ್ಲಿಸಿ, ತಣ್ಣಗಿರೋ ಜ್ಯೂಸು ಕೊಟ್ಟು, ಕಿಟಕಿ ಬೇರೆ ತೆಗೆದ್ಳು. ಕಿವಿಗೆ ಹತ್ತಿ ಇಲ್ಲ, ತಲೆಗೆ ಬಟ್ಟೆ ಇಲ್ಲ. ಅಮ್ಮಂಗೆ ಇವತ್ತಿನವರೆಗೂ ಹೇಳಿಲ್ಲ.

ಇಂಗ್ಲಿಷಲ್ಲಿ ಬಾಣಂತಿ ಅನ್ನೋಕೆ ನೆಟ್ಟಗೆ ಒಂದು ಪದ ಇಲ್ಲ, ಗಮನಿಸಿದೀರಾ? ಡಚ್ಚಲ್ಲಿ ಇದೆ, ಕ್ರಾಮ್‌ವ್ರೌ. ಬಾಣಂತನಕ್ಕೆ ಕ್ರಾಮ್‌ಜೋರ್ಖ್. ಎಂಟು ದಿನ ಒಬ್ಬ ಟ್ರೇನಿಂಗ್ ಆದ ಹೆಂಗಸು ಮನೆಗೇ ಬರ್ತಾಳೆ, ಇನ್ಶೂರೆನ್ಸಲ್ಲೇ ಬರುತ್ತೆ, ಗಂಟೆಗೆ 5 ಯೂರೋ ಚಿಲ್ಲರೆ ನಾವು ಕೈಯಿಂದ ಹಾಕಬೇಕು. ಅವಳ ಬೆನ್ನು ನೋಯಬಾರದು ಅಂತ ನಮ್ಮ ಮಂಚಾನ 80 ಸೆಂಟಿಮೀಟರಿಗೆ ಎತ್ತರಿಸಬೇಕು, ಅದಕ್ಕೆ ಕಾಲಿಗೆ ಇಡೋ ದಿಮ್ಮಿ ಬಾಡಿಗೆಗೆ ಸಿಗುತ್ತೆ. ಹೊಲಿಗೆ ಹಾಕಿಸ್ಕೊಂಡಿರೋ ನಾನು ಆ ಅಟ್ಟದ ಮೇಲೆ ಹತ್ತೋದು ಹೇಗೆ ಅಂತ ಮಾತ್ರ ಯಾರೂ ಯೋಚನೆ ಮಾಡಿಲ್ಲ, ಗಂಡ ಒಂದು ಸ್ಟೂಲ್ ತಂದಿಟ್ರು.

ಮೂರನೇ ದಿನ ಅವಳು ಮಗೂನ ತಕ್ಕಡೀಲಿ ಮಲಗಿಸಿದ್ಳು, 2 ಕೆಜಿ 820. ಹುಟ್ಟಿದಾಗಿಂದ ನೂರಕ್ಕೆ ಒಂಬತ್ತು ಭಾಗ ಇಳಿದಿತ್ತು, ಹತ್ತು ದಾಟಿದ್ರೆ ಮತ್ತೆ ಆಸ್ಪತ್ರೆ ಅಂದ್ಳು. ಡ್ರಿಪ್ಪಲ್ಲಿ ತಾಯಿಗೆ ನೀರು ಜಾಸ್ತಿ ಹೋಗಿದ್ರೆ ಹುಟ್ಟಿದ ತೂಕವೇ ಸ್ವಲ್ಪ ಹೆಚ್ಚು ತೋರಿಸುತ್ತೆ, ಹೆದರಬೇಡ ಅಂತ ಸಮಾಧಾನಾನೂ ಮಾಡಿದ್ಳು, ಆದ್ರೆ ನಂಗೆ ಆ ನಂಬರ್ ಬಿಟ್ಟು ಬೇರೇನೂ ಕೇಳಿಸ್ತಿರಲಿಲ್ಲ. ಆಮೇಲೆ ಶುರುವಾಯ್ತು ನೋಡಿ ಮೂರು ಗಂಟೆಗೊಂದು ಸುತ್ತು. ಮೊದಲು ಎದೆಗೆ ಹಾಕಿಕೊಳ್ಳೋದು, ಮಗು ಎರಡು ಗುಟುಕು ಕುಡಿದು ನಿದ್ದೆ ಹೋಗುತ್ತೆ, ಅಂಗಾಲು ತಿಕ್ಕಿ ಎಬ್ಬಿಸೋದು, ಆಮೇಲೆ ಗಂಡ ಕಿರುಬೆರಳು ಚೀಪಿಸ್ತಾ ಪಕ್ಕದಲ್ಲಿ ಸಿರಿಂಜಿಂದ ಹಾಲು ಬಿಡೋದು, ಅಷ್ಟು ಹೊತ್ತು ನಾನು ಪಂಪ್ ಹಿಡ್ಕೊಂಡು ಕೂರೋದು. ಎಲ್ಲ ಮುಗಿಯೋಕೆ ಒಂದೂವರೆ ಗಂಟೆ. ಮೊದಲ ಸಲ ಪಂಪಲ್ಲಿ ಬಂದಿದ್ದು 15 ಎಂಎಲ್ಲು, ಅದರಲ್ಲಿ ಅರ್ಧ ನಾನೇ ಕೈ ತಾಗಿಸಿ ಚೆಲ್ಲಿದೆ. ಚೆಲ್ಲಿದ್ದನ್ನ ನೋಡಿ ಅತ್ತಷ್ಟು ಹೆರಿಗೆ ನೋವಲ್ಲೂ ಅತ್ತಿರಲಿಲ್ಲ. ಅದೇ ಹೊತ್ತಿಗೆ ಊರಿಂದ ಫೋನು, ಹಾಲು ಸಾಕಾಗ್ತಿದ್ಯಾ ಅಂತ.

ಅವಳು ಫೋನ್ ತಗೊಂಡು ಅಡುಗೆಮನೇಲಿ ಇಟ್ಟು ಬಂದ್ಳು. ಇದಕ್ಕೂ ನಮ್ಮಲ್ಲಿ ಒಂದು ಪದ ಇದೆ ಅಂದ್ಳು, ಕ್ರಾಮ್‌ಟ್ರಾನೆನ್, ಬಾಣಂತಿ ಕಣ್ಣೀರು, ಮೂರು ನಾಲ್ಕನೇ ದಿನಕ್ಕೆ ಬಂದೇ ಬರುತ್ತೆ, ಹಾರ್ಮೋನು ಇಳಿಯುತ್ತೆ ನೋಡು, ಎರಡು ವಾರ ಆದ್ರೂ ನಿಲ್ಲದಿದ್ರೆ ಮಾತ್ರ ಹೇಳು. ಆಮೇಲೆ ಒಂದು ಚೀಸ್ ಸ್ಯಾಂಡ್‌ವಿಚ್ ಮಾಡ್ಕೊಂಡು ಬಂದು ನಾನು ಪೂರ್ತಿ ತಿನ್ನೋವರೆಗೂ ಮಗೂನ ಭುಜದ ಮೇಲೆ ಹಾಕ್ಕೊಂಡು ನಿಂತಿದ್ಳು. ಸಪ್ಪೆ ಸ್ಯಾಂಡ್‌ವಿಚ್ಚು, ಬೆಳ್ಳುಳ್ಳಿ ಇಲ್ಲ ಮೆಣಸಿಲ್ಲ, ಹೇಗೆ ಇಳೀತೋ.

ಒಂಬತ್ತನೇ ದಿನ ಅವಳು ಬರಲಿಲ್ಲ. ಗಂಡನ ಪೂರ್ತಿ ಸಂಬಳದ ರಜಾ ಒಂದು ವಾರ, ಆಮೇಲಿನ ಐದು ವಾರಕ್ಕೆ 70 ಪರ್ಸೆಂಟ್, ತಗೊಂಡ್ರು. ಮಗು ಹುಟ್ಟಿದ ತೂಕ ಮುಟ್ಟಿದ್ದು 16ನೇ ದಿನಕ್ಕೆ, ಪಂಪು ಬಿಟ್ಟಿದ್ದು ಐದನೇ ವಾರಕ್ಕೆ. ಆ ವಾರಗಳ ಫೋಟೋ ನೋಡಿದ್ರೂ ನಂಗೆ ಎಷ್ಟೋ ನೆನಪಿಲ್ಲ.

ಈಗ ನಾಲ್ಕು ತಿಂಗಳು. ಇಲ್ಲಿ ದಿನಾ ಹತ್ತು ಗಂಟೆಗೆ ನೀರು ಹಾಕೋ ಅಜ್ಜಿ ಬರ್ತಾರೆ, ಹಂಡೆ ನೀರು ಕಾದಿರುತ್ತೆ, ಮಣೆ ಮೇಲೆ ಕಾಲು ಚಾಚಿ ಕೂತು ಮಗೂನ ಮೊಣಕಾಲಿಂದ ಕೆಳಗೆ ಉದ್ದಕ್ಕೆ ಬೋರಲು ಹಾಕ್ಕೊಂಡು ಎಣ್ಣೆ ತಿಕ್ಕಿ ಚೊಂಬಲ್ಲಿ ಸುರೀತಾರೆ. ಬಜೆ ಮಾತ್ರ ನಾಲಿಗೆಗೆ ಬೇಡ ಅಂತ ನಾನು ಜಗಳ ಆಡಿ ನಿಲ್ಲಿಸಿದೀನಿ. ಮಗು ಮುಗೀತಿದ್ದ ಹಾಗೆ ನಂಗೂ ನೀರು, ನಾಲ್ಕು ತಿಂಗಳಾದ್ರೂ ಬಾಣಂತಿ ಬಾಣಂತೀನೇ ಅಂತೆ. ನಿನ್ನೆ ನನ್ನ ಬೆನ್ನು ಉಜ್ತಾ ಕೇಳಿದ್ರು, ಅಲ್ಲೂ ಬಾಣಂತನ ಮಾಡೋರು ಇದ್ರೇನವ್ವಾ?

ಇದ್ರು ಅಜ್ಜಿ, ಗೌರ್ಮೆಂಟು ರೂಲ್ಸು, ಎಂಟು ದಿನ.

ಎಂಟೇ ದಿನವಾ ಅಂತ ಚೊಂಬು ಹಿಡಿದ ಕೈ ಹಾಗೇ ನಿಲ್ಲಿಸಿ, ಆಮೇಲೆ ಎರಡು ಚೊಂಬು ಜಾಸ್ತೀನೇ ಸುರಿದ್ರು.