ಕೈ ಒದ್ದೆಯಾಗದ ಉತ್ತರ

“ಐವತ್ತು ಪರ್ಸೆಂಟ್ ಜೇಡಿ ಸರ್. ಪುಣೆ ಕಡೆ ಎರಿಮಣ್ಣು ಅಂದ್ರ ಅಷ್ಟು ಇದ್ದೇ ಇರ್ತದ.”

ಗುಂಡಿಯ ದಂಡೆ ಮೇಲೆ ನಿಂತೇ ಆತ ಹೀಗಂದ. ಇಳಿಯಲಿಲ್ಲ, ಮಣ್ಣು ಮುಟ್ಟಲಿಲ್ಲ. ಬೆಳಗಾವಿ ಕಡೆಯ ಹುಡುಗ, ಮಾತು ಬೆಣ್ಣೆ. ಅಳಿಯನಾಗಿ ಯಾರಾದರೂ ಒಪ್ಪಿಯಾರು. ಸರ್ವೆಗೆ ಒಪ್ಪೋದು ನನಗೆ ಕಷ್ಟ.

ಮಣ್ಣಿನ ಸರ್ವೆ ಕೆಲಸಕ್ಕೆ ಬಂದವರಿಗೆ ಈ ವಾರ ಉರುಳಿ ಕಾಂಚನ್ ಹತ್ತಿರ ಕಬ್ಬು ಕಡಿದ ಹೊಲದಲ್ಲಿ ಪರೀಕ್ಷೆ ಇಟ್ಟಿದ್ದೆವು. ಎಲ್ಲರ ಕೈಯಲ್ಲೂ ಎಂ.ಎಸ್ಸಿ., ಅನುಭವದ ಪ್ರಮಾಣಪತ್ರ. ಗುಂಡಿ ನೋಡಿ ಪದರ ಗುರುತಿಸಬೇಕು, ಮನ್ಸೆಲ್ ಪುಸ್ತಕದ ಬಣ್ಣದ ಚೀಟಿಗಳಿಗೆ ಹೋಲಿಸಿ ಮಣ್ಣಿನ ಬಣ್ಣ ಹೇಳಬೇಕು, ಜೇಡಿ ಎಷ್ಟೆಂದು ಕೈಯಲ್ಲೇ ಅಂದಾಜು ಮಾಡಬೇಕು. ಲ್ಯಾಬಿನ ಲೆಕ್ಕ ನಮ್ಮ ಕಿಸೆಯಲ್ಲಿತ್ತು: ಶೇ. 52. ಆಚೀಚೆ 5ರೊಳಗೆ ಹೇಳಿದರೆ ಪೂರ್ತಿ ಅಂಕ.

ಹುಡುಗನಿಗೆ ಪೂರ್ತಿ ಅಂಕ!

ಅವನ ನಂತರ ಬಂದವಳು ವಿಜಯಪುರದವಳು. ಚಪ್ಪಲಿ ಬಿಟ್ಟು ಗುಂಡಿಗಿಳಿದಳು. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ, ಗಂಟು ಒಡೆಯುವವರೆಗೂ ಸಾವಕಾಶ ನಾದಿದಳು. ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆದಳು. 2.5 ಸೆಂ.ಮೀ. ಒಳಗೇ ಮುರಿದರೆ ಗೋಡು ಮಣ್ಣು (ಲೋಮ್), 5 ದಾಟಿದರೆ ಜೇಡಿ ಅನ್ನೋದು ಕಾಲೇಜಿನಲ್ಲೇ ಕಲಿಸುವ ಲೆಕ್ಕ. ಇವಳ ಪಟ್ಟಿ 5 ದಾಟಿ ಬೆರಳಿನಿಂದ ಜೋತಾಡಿತು. ಆದರೂ ಅನುಮಾನ ಬಿಡಲಿಲ್ಲ. ಅಂಗೈಯಲ್ಲಿ ಮತ್ತೆ ಉಜ್ಜಿ, “ಸರ್, ಕರಕರ ಅಂತದ. ಮರಳೋ ಸುಣ್ಣದ ಹರಳೋ ನೋಡ್ತೀನಿ,” ಅಂದು ಆ್ಯಸಿಡ್ ಬಾಟಲಿ ಕೇಳಿದಳು. ಎರಡು ಹನಿಗೆ ಬುರುಬುರು ನೊರೆ. “ಸುಣ್ಣ ಬೆರಳಿಗೆ ಮೋಸ ಮಾಡ್ತದ್ರಿ. ನಲವತ್ತನಾಲ್ಕು ಅಂತೀನಿ, ಇನ್ನೂ ಜಾಸ್ತಿ ಇದ್ದೀತು.”

ನಲವತ್ತನಾಲ್ಕು. ಎಂಟು ಕಡಿಮೆ. ಅರ್ಧ ಅಂಕ.

ಹುಡುಗನ ಪೂರ್ತಿ ಅಂಕಕ್ಕೆ ನಾನು ತಕರಾರು ತೆಗೆದೆ. ಜೊತೆಗಿದ್ದ ಹಿರಿಯರು ಧಾರವಾಡದವರು, ನಿಯಮ ಅಂದರೆ ನಿಯಮ. “ಏನ್ರೀ, ಉತ್ತರ ಬರೋಬ್ಬರಿ ಐತಿ, ಅಂಕ ಯಾಕ ಕಡೀತೀರಿ?” ಅದು ಉತ್ತರವಲ್ಲ, ಸುದ್ದಿ ಅಂದೆ. ದಖ್ಖನಿನ ಬಸಾಲ್ಟ್ ಕಲ್ಲು ಸವೆದು ಆದ ಎರಿಯಲ್ಲಿ ಜೇಡಿ ಜಾಸ್ತಿ ಅಂತ ಇಲ್ಲಿನ ಯಾವ ರೈತನೂ ಹೇಳ್ತಾನೆ. ಅದೇ ಕಪ್ಪು ಬಣ್ಣದ ಮಣ್ಣು ದಿಬ್ಬದ ಮೇಲೆ ಗೇಣುದ್ದವಿದ್ದು, ಕೆಳಗೆ ಬರೀ ಮುರುಮ್, ಅಂದರೆ ಪುಡಿಯಾದ ಕಲ್ಲು, ಇದ್ದರೆ? ಬಣ್ಣ ನೋಡಿ ಹೇಳಿದವನು ಅಲ್ಲೂ ಐವತ್ತೇ ಅಂತಾನೆ, ರೈತ ಅದನ್ನು ನಂಬಿ ಡ್ರಿಪ್ ಹಾಕಿಸ್ತಾನೆ. ಹಾಗೆ ನೋಡಿದರೆ ನಮ್ಮ 52 ಏನು ವೇದವಾಕ್ಯವೇ? ಲ್ಯಾಬಿನಲ್ಲಿ ಜೇಡಿ ಅಳೆಯೋ ಹೈಡ್ರೋಮೀಟರಿಗೆ ಹಾಕೋ ಮೊದಲು ಸುಣ್ಣ ತೆಗೆದಿದ್ದಾರೋ ಇಲ್ಲವೋ ಅನ್ನೋದರ ಮೇಲೂ ಆ ಅಂಕಿ ಏರಿಳಿಯುತ್ತದೆ. ಹುಡುಗಿ ಅನುಮಾನಪಟ್ಟದ್ದು ಸರಿಯಾಗಿ ಅದೇ ಜಾಗದಲ್ಲಿ. ಅನುಮಾನಕ್ಕೆ ನಮ್ಮ ಹಾಳೆಯಲ್ಲಿ ಕಾಲಂ ಇಲ್ಲ, ವರ್ಷಗಟ್ಟಲೆ ಸರ್ವಿಸ್ ಆದವರಿಗಂತೂ ಇಂಥ ಪರೀಕ್ಷೆಯೇ ಇಲ್ಲ. ಅವರ ಸೀನಿಯಾರಿಟಿಯೇ ಅವರ ಬೆರಳು.

ಪುಣೆಗೆ ವಾಪಸು ಬರುವಾಗ ಹಡಪ್ಸರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೂ ವಾದ ನಿಂತಿರಲಿಲ್ಲ. ಕಡೆಗೆ ಹಿರಿಯರು ಪೆನ್ನು ತೆಗೆದು, ಮುಂದಿನ ಸಲದ ಹಾಳೆಗೆ ‘ಕೈ ಒದ್ದೆ ಮಾಡಿದರೇ? – 5 ಅಂಕ’ ಅಂತ ಒಂದು ಸಾಲು ಸೇರಿಸಿದರು.

“ಈಗ ಸಮಾಧಾನ ಆತೇನ್ರೀ?” ಅಂದರು. “ನೋಡಕೋತ ಇರ್ರಿ, ಆ ಬೆಳಗಾವಿ ಹುಡುಗ ಬಕೆಟ್ಟಿನಾಗ ಕೈ ಅದ್ದಿಕೊಂಡೇ ಬರ್ತಾನ.”