ಕ್ಯಾಮ್ರಿ ಎಲ್‌ಇನಾ ಎಕ್ಸ್‌ಎಲ್‌ಇನಾ: ನಾವು ಬೇಸ್ ಮಾಡೆಲ್ ಯಾಕೆ ತಗೊಂಡ್ವಿ

ಹೊಸ ಕಾರಿನ ಫೋಟೊ ಮನೆ ವಾಟ್ಸಾಪ್ ಗ್ರೂಪಿಗೆ ಹಾಕಿದ ಹತ್ತೇ ನಿಮಿಷಕ್ಕೆ ದಾವಣಗೆರೆಯಿಂದ ತಮ್ಮನ ಫೋನು. "ಅಲ್ಲಕ್ಕಾ, ಅಷ್ಟು ದೂರ ಹೋಗಿ ಬೇಸ್ ಮಾಡೆಲ್ ತಗೊಂಡಿದೀಯಲ್ಲ, ಬಟ್ಟೆ ಸೀಟು, ಸ್ಕ್ರೀನ್ ಇಷ್ಟೇ ಇಷ್ಟು!" ಅವನು ಯೂಟ್ಯೂಬಲ್ಲಿ ನೋಡಿರೋದು ನಮ್ಮ ಬಿಡದಿಲಿ ತಯಾರಾಗೋ ಟೊಯೋಟಾ ಕ್ಯಾಮ್ರಿ. ಅದು 2024ರ ಡಿಸೆಂಬರಲ್ಲಿ ಬಂದಾಗ 48 ಲಕ್ಷ ಎಕ್ಸ್ ಶೋರೂಮ್, ಒಂದೇ ವೇರಿಯಂಟು, ಎಲ್ಲಾ ತುಂಬಿಸಿ ಕೊಟ್ಟಿದ್ರು. ಇಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಅದೇ ಹೆಸರಿನ ಕಾರು ಎಲ್‌ಇ, ಎಸ್‌ಇ, ಎಕ್ಸ್‌ಎಲ್‌ಇ, ಎಕ್ಸ್‌ಎಸ್‌ಇ ಅಂತ ನಾಲ್ಕು ಮುಖ್ಯ ಟ್ರಿಮ್ಮಲ್ಲಿ, ಅಂದ್ರೆ ನಮ್ಮಲ್ಲಿ ವೇರಿಯಂಟ್ ಅಂತೀವಲ್ಲ ಅದರಲ್ಲಿ, ಬರುತ್ತೆ, ನಾವು ತಗೊಂಡಿದ್ದು ಕೆಳಗಿಂದ ಮೊದಲನೇದು.

ಅವನ ಬೇಜಾರು ನಂಗೆ ಅರ್ಥ ಆಗುತ್ತೆ. ನಮ್ಮನೆಯ ಮೊದಲನೇ ಕಾರು ಮಾರುತಿ 800 ಸ್ಟ್ಯಾಂಡರ್ಡ್, ಏಸಿ ಇಲ್ಲದ್ದು, ಏಪ್ರಿಲ್‌ನಲ್ಲಿ ಹೊಸಪೇಟೆಗೆ ಹೋಗ್ಬೇಕಾದ್ರೆ ಅಮ್ಮ ಟವೆಲ್ ಒದ್ದೆ ಮಾಡಿ ಕಿಟಕಿ ಗ್ಲಾಸಿಗೆ ಸಿಕ್ಕಿಸ್ತಿದ್ರು, ಹರಿಹರ ದಾಟೋಷ್ಟರಲ್ಲಿ ಅದು ಒಣಗಿ ಗರಿಗರಿ ಆಗಿರ್ತಿತ್ತು. ಬೇಸ್ ಅಂದ್ರೆ ಸೆಖೆ ಅಂತಷ್ಟೇ ಅಲ್ಲ, ಪ್ರಾಣದ ವಿಷಯದಲ್ಲೂ ಕಮ್ಮಿ ಅಂತಾನೇ ಇತ್ತು, ಡ್ರೈವರ್ ಏರ್‌ಬ್ಯಾಗು ಎಲ್ಲಾ ಹೊಸ ಕಾರಿಗೂ ಅಲ್ಲಿ ಕಡ್ಡಾಯ ಆಗಿದ್ದೇ 2019ರ ಜುಲೈಯಿಂದ. ಹಂಗಾಗಿ ನಮ್ಮವರು ಇಲ್ಲಿಗೆ ಬಂದ್ರೂ "ಆದಷ್ಟು ಟಾಪ್ ಎಂಡ್ ನೋಡಿ" ಅಂತಾರೆ, ನಾನೂ ಮೊದಲು ಹಂಗೇ ಅಂದ್ಕೊಂಡೇ ಶೋರೂಮಿಗೆ ಹೋಗಿದ್ದು.

ಅಮೆರಿಕದಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗು 1998ರ ಮಾಡೆಲ್ಲಿಂದಾನೇ ಕಾನೂನು, ರಿವರ್ಸ್ ಕ್ಯಾಮೆರಾ 2018ರ ಮೇ ತಿಂಗಳಿಂದ. ಮುಂದೆ ಯಾರಾದ್ರೂ ಅಡ್ಡ ಬಂದ್ರೆ ತಾನೇ ಬ್ರೇಕ್ ಹಾಕೋದು, ಲೇನ್ ತಪ್ಪಿದ್ರೆ ಎಚ್ಚರಿಸೋದು, ಮುಂದಿನ ಗಾಡಿ ನೋಡ್ಕೊಂಡು ಸ್ಪೀಡ್ ಹೊಂದಿಸೋ ಕ್ರೂಸ್, ಎಲ್ಲಾ ಎಲ್‌ಇನಲ್ಲೇ ಇದೆ. 2025ರ ಮಾಡೆಲ್ಲಿಂದ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟರು) ಮಾತ್ರ, ಫ್ರಂಟ್ ವೀಲ್ ಡ್ರೈವ್ (ಮುಂದಿನ ಚಕ್ರ ಮಾತ್ರ ಎಳೆಯೋದು) ಆದ್ರೆ ಯಾವ ಟ್ರಿಮ್ ತಗೊಂಡ್ರೂ ಅದೇ 2.5 ಲೀಟರ್ ಇಂಜಿನ್ನು, ಅದೇ 225 ಹಾರ್ಸ್‌ಪವರ್ರು. ಅಂದ್ರೆ ಮೇಲಕ್ಕೆ ಹೋದಂಗೆ ನಾವು ಕೊಡೋ ದುಡ್ಡು ಲೆದರ್ರಿಗೆ, 8 ಇಂಚಿನ ಬದಲು 12.3 ಇಂಚಿನ ಸ್ಕ್ರೀನಿಗೆ, ದೊಡ್ಡ ವೀಲಿಗೆ.

ಆ ದುಡ್ಡು ಎಷ್ಟು ಅಂತ ಒಂದು ರಾತ್ರಿ ಕೂತು ಲೆಕ್ಕ ಹಾಕಿದ್ವಿ. ಈ ಮಾಡೆಲ್ ಬಂದಾಗ ಎಲ್‌ಇ 28,400 ಡಾಲರ್, ಎಕ್ಸ್‌ಎಲ್‌ಇ 33,400. ವ್ಯತ್ಯಾಸ ಐದು ಸಾವಿರ, ಅದರ ಮೇಲೆ ಮಿಶಿಗನ್ ಸೇಲ್ಸ್ ಟ್ಯಾಕ್ಸ್ ಶೇ 6, ಆಮೇಲೆ ಐದು ವರ್ಷದ ಸಾಲ ಶೇ 6ರ ಬಡ್ಡಿಗೆ ಅಂದ್ರೂ ಒಟ್ಟು 6,150ರ ಹತ್ತಿರ ಆಗುತ್ತೆ. ಸೇಲ್ಸ್‌ನವರು ಇದನ್ನ ಹೇಳೋದು "ತಿಂಗಳಿಗೆ ನೂರು ಡಾಲರ್ ಜಾಸ್ತಿ ಅಷ್ಟೇ" ಅಂತ. ದಯವಿಟ್ಟು ತಿಂಗಳ ಲೆಕ್ಕದಲ್ಲಿ ಕಾರು ಕೊಳ್ಬೇಡಿ, ಪೂರ್ತಿ ಮೊತ್ತ ಬರೆಸ್ಕೊಳ್ಳಿ.

ನನ್ನ ಮನಸ್ಸು ಪೂರ್ತಿ ಬದಲಾಗಿದ್ದು ವೀಲ್ ನೋಡಿ. ಟೈರ್ ಪಕ್ಕದಲ್ಲಿ ಬರೆದಿರ್ತಾರಲ್ಲ, ಎಲ್‌ಇದು 205/65 ಆರ್16, ಅಂದ್ರೆ 205 ಮಿಲಿಮೀಟರ್ ಅಗಲ, ಅದರ ಶೇ 65ರಷ್ಟು ಪಕ್ಕದ ರಬ್ಬರಿನ ಎತ್ತರ, ಸುಮಾರು 133 ಮಿಲಿಮೀಟರ್, 16 ಅಂದ್ರೆ ವೀಲಿನ ಇಂಚು. ಎಕ್ಸ್‌ಎಲ್‌ಇಯ 18 ಇಂಚಿನ 235/45 ಟೈರಲ್ಲಿ ಅದು 106ಕ್ಕೆ ಇಳಿಯುತ್ತೆ. ಇಲ್ಲಿ ಫೆಬ್ರವರಿ, ಮಾರ್ಚಲ್ಲಿ ರಸ್ತೆ ಬಿರುಕಿಗೆ ನೀರು ಇಳಿದು ರಾತ್ರಿ ಹೆಪ್ಪುಗಟ್ಟಿ ಉಬ್ಬುತ್ತೆ, ಬೆಳಿಗ್ಗೆ ಕರಗುತ್ತೆ, ಹಿಂಗೇ ಆಗಿ ಆಗಿ ಡಾಂಬರು ಕಿತ್ತು ಬರುತ್ತೆ. ಹೋದ ವರ್ಷ ಗೆಳತಿಯ ಕಾರು, 19 ಇಂಚಿನ ವೀಲು, ಐ-275 ಹೆದ್ದಾರಿಲಿ ಅಂಥ ಒಂದು ಗುಂಡಿಗೆ ಬಿದ್ದು ರಿಮ್ಮೂ ಬಗ್ಗಿ ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿತ್ತು, ಕೈಯಿಟ್ಟು ನೋಡಿದ್ದೆ, ಮಕ್ಕಳಿಬ್ಬರೂ ಹಿಂದಿನ ಸೀಟಲ್ಲಿದ್ರು. ದಪ್ಪ ರಬ್ಬರು ಆ ಏಟನ್ನ ಸ್ವಲ್ಪ ನುಂಗುತ್ತೆ, 16 ಇಂಚಿನ ಸ್ನೋ ಟೈರೂ ಅಗ್ಗ. ಮೈಲೇಜೂ ಎಲ್‌ಇದೇ ಜಾಸ್ತಿ, ಗ್ಯಾಲನ್‌ಗೆ 51 ಮೈಲಿ, ಎಕ್ಸ್‌ಎಲ್‌ಇ 47, ಆದ್ರೆ ವರ್ಷಕ್ಕೆ 12,000 ಮೈಲಿ ಓಡಿಸಿದ್ರೂ ಉಳಿಯೋದು ಇಪ್ಪತ್ತು ಗ್ಯಾಲನ್ ಅಷ್ಟೇ, ಅದಕ್ಕೋಸ್ಕರ ಯಾರೂ ನಿರ್ಧಾರ ಮಾಡೋದು ಬೇಡ.

ಒಂದು ಮಾತ್ರ ಬೇಕೇ ಬೇಕಿತ್ತು, ಸೀಟ್ ಹೀಟರ್ರು. ಜನವರಿಲಿ ಮೈನಸ್ 15 ಡಿಗ್ರಿ ಇರೋವಾಗ ಹೀಟರ್ ಗಾಳಿ ಬೆಚ್ಚಗಾಗೋದಕ್ಕೆ ಇಂಜಿನ್ ಕಾಯ್ಬೇಕು, ಸೀಟು ಮಾತ್ರ ಒಂದೆರಡು ನಿಮಿಷಕ್ಕೇ ಬೆನ್ನು ಮುಟ್ಟುತ್ತೆ. ಎಲ್‌ಇಗೂ ಇದು ಕೋಲ್ಡ್ ವೆದರ್ ಪ್ಯಾಕೇಜಲ್ಲಿ ಸಿಗುತ್ತೆ, ಸ್ಟೀರಿಂಗೂ ಬೆಚ್ಚಗಾಗುತ್ತೆ, ಆದ್ರೆ ಅಂಥ ಗಾಡಿ ಹುಡುಕೋದೇ ಕಷ್ಟ, ಎರಡು ತಿಂಗಳು ಕಾದ್ವಿ.

ಎಲ್ಲಾ ಕಾರಲ್ಲೂ ಬೇಸೇ ಸರಿ ಅಂತ ನಾನು ಹೇಳಲ್ಲ. ಹೋಂಡಾ ಅಕಾರ್ಡ್ 2023ರಲ್ಲಿ ಎಲ್‌ಎಕ್ಸ್‌ನಲ್ಲಿ (ಅದರ ಬೇಸ್ ಮಾಡೆಲ್ಲು) ಬ್ಲೈಂಡ್ ಸ್ಪಾಟ್ ಅಲರ್ಟ್, ಅಂದ್ರೆ ಕನ್ನಡಿಲಿ ಕಾಣದ ಪಕ್ಕದ ಗಾಡಿ ಬಗ್ಗೆ ಎಚ್ಚರಿಸೋದು, ಇರ್ಲಿಲ್ಲ, ಇಎಕ್ಸ್‌ನಿಂದ ಶುರು, ಹೈಬ್ರಿಡ್ ಬೇಕಂದ್ರೆ ಇನ್ನೂ ಮೇಲೆ ಹತ್ತಬೇಕು. ಅಂಥ ಕಡೆ ನಾನಾದ್ರೂ ಮೇಲಿಂದೇ ತಗೊಳ್ತಿದ್ದೆ. ಕಿಟಕಿಗೆ ಅಂಟಿಸಿರೋ ಸ್ಟಿಕ್ಕರ್‌ನಲ್ಲಿ ಏನಿದೆ, ಯಾವುದಕ್ಕೆ ಎಷ್ಟು ಅಂತ ಎಲ್ಲಾ ಇರುತ್ತೆ, 1958ರ ಕಾನೂನು ಅದು, ಅದನ್ನ ಫೋಟೊ ತೆಗೆದು ಮನೆಗೆ ತಂದು ಓದಿ.

ಉಳಿದ ದುಡ್ಡಲ್ಲಿ ಒಂದು ಸೆಟ್ ಸ್ನೋ ಟೈರ್ ಬಂತು, ಅಪ್ಪ ಅಮ್ಮನಿಗೆ ಮೇ ತಿಂಗಳಿಗೆ ಟಿಕೆಟ್ಟೂ ಬುಕ್ ಆಯ್ತು. ಡಿಕ್ಕಿಲಿ ದೊಡ್ಡ ಸೂಟ್‌ಕೇಸ್ ಎಷ್ಟು ಹಿಡಿಯುತ್ತೆ ಅಂತ ನಿನ್ನೆ ಇಟ್ಟು ನೋಡಿದೆ, ಮೂರು ಹಿಡೀತು, ನಾಲ್ಕನೇದು ಹಿಂದಿನ ಸೀಟಿಗೆ.