ಆಫೀಸಿಗೆ ಇಮೇಲ್: ಯಾವ ಭಾಗದಲ್ಲಿ ಏನಿರಬೇಕು?

ಹೆಚ್ಚಿನ ಇಮೇಲ್‌ಗಳು ಕೆಡುವುದು ವಿಷಯದ ಸಾಲಿನಲ್ಲೇ. ಬರೀ ‘ರಿಕ್ವೆಸ್ಟ್’ ಅಂತ ಹಾಕಿದರೆ ಓದುವವರಿಗೆ ಏನೂ ತಿಳಿಯದು, ಆರು ತಿಂಗಳ ಮೇಲೆ ಹುಡುಕಿದರೆ ನಿಮಗೂ ಸಿಗದು. ‘ಅಂಕಪಟ್ಟಿಯಲ್ಲಿ ಹೆಸರು ತಿದ್ದುಪಡಿ – ಬಿ.ಕಾಂ. 3ನೇ ಸೆಮಿಸ್ಟರ್’ ಎಂದು ಬರೆಯಿರಿ. ಮೊಬೈಲಿನಲ್ಲಿ ಉದ್ದ ಸಾಲಿನ ಬಾಲ ಕತ್ತರಿಸಿಹೋಗುತ್ತದೆ. ಹಾಗಾಗಿ ಮುಖ್ಯ ಪದ ಮೊದಲೇ ಬರಲಿ.

ಸಂಬೋಧನೆಗೆ ‘ಮಾನ್ಯರೇ’ ಸಾಕು. ಕಾಗದದ ಅರ್ಜಿಯ ‘ಇಂದ’, ‘ಗೆ’, ದಿನಾಂಕ ಇಲ್ಲಿ ಬೇಕಿಲ್ಲ, ಅವೆಲ್ಲ ತಾವಾಗಿಯೇ ಕಾಣುತ್ತವೆ. ‘ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ’ ಅನ್ನುವುದನ್ನೂ ಬಿಡಬಹುದು. ಮೊದಲ ವಾಕ್ಯದಲ್ಲೇ ಕೆಲಸ ಹೇಳಿ: “ನನ್ನ ಅಂಕಪಟ್ಟಿಯಲ್ಲಿ ತಂದೆಯ ಹೆಸರು ‘ಬಸವರಾಜ’ ಎಂದಿರಬೇಕಾದಲ್ಲಿ ‘ಬಸವರಾಜು’ ಎಂದು ಅಚ್ಚಾಗಿದೆ. ದಯವಿಟ್ಟು ಸರಿಪಡಿಸಿಕೊಡಿ.” ಮುಂದಿನ ಸಾಲಿನಲ್ಲಿ ರಿಜಿಸ್ಟರ್ ನಂಬರ್, ಪರೀಕ್ಷೆಯ ತಿಂಗಳು, ಲಗತ್ತಿಸಿದ ದಾಖಲೆಗಳ ಹೆಸರು. ಅಷ್ಟೇ.

ಲಗತ್ತಿನದೇ ದೊಡ್ಡ ತಲೆನೋವು. ಜಿಮೇಲ್‌ನಲ್ಲಿ 25 ಎಂಬಿ ಮೀರಿದ ಫೈಲು ಗೂಗಲ್ ಡ್ರೈವ್ ಲಿಂಕ್ (ಆನ್‌ಲೈನಿನಲ್ಲಿಟ್ಟ ಫೈಲಿನ ಕೊಂಡಿ) ಆಗಿ ಹೋಗುತ್ತದೆ. ನೋಡುವ ಅನುಮತಿ ಕೊಡದಿದ್ದರೆ ಆ ಕಡೆ ತೆರೆಯುವುದಿಲ್ಲ. ಫೈಲಿಗೆ ‘ಸ್ಕ್ಯಾನ್001’ ಬದಲು ನಿಮ್ಮ ಹೆಸರು, ದಾಖಲೆಯ ಹೆಸರು ಇಡಿ.

ಕೊನೆಗೆ ‘ವಂದನೆಗಳೊಂದಿಗೆ’, ಪೂರ್ತಿ ಹೆಸರು, ಮೊಬೈಲ್ ನಂಬರ್. ಬೇರೆಯವರಿಗೂ ಪ್ರತಿ ಕಳಿಸಲು ಸಿಸಿ, ಬಿಸಿಸಿ ಎಂಬ ಜಾಗಗಳಿವೆ. ಸಿಸಿಯಲ್ಲಿ ಹಾಕಿದವರು ಎಲ್ಲರಿಗೂ ಕಾಣುತ್ತಾರೆ, ಬಿಸಿಸಿಯವರು ಉಳಿದವರಿಗೆ ಕಾಣುವುದಿಲ್ಲ. ಸ್ವೀಕರಿಸುವವರ ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬಿ. ಬೆರಳು ತಪ್ಪಿ ಸೆಂಡ್ ಒತ್ತಿದರೂ ಅರ್ಧ ಬರೆದದ್ದು ಹೋಗದು.